ಗಾಜು ಬೆಸೆಯುವ ಪುಟ್ಟ ಭಟ್ಟಿ: ಕರೆಂಟ್ ಇದ್ದರೆ ಬಂಗಾರ

ಟೇಬಲ್ ಮೇಲಿಡುವ ಈ ಕರೆಂಟ್ ಭಟ್ಟಿ ತಗೊಂಡು ವರ್ಷದ ಮೇಲಾಯಿತು. ಒಳಗೆಷ್ಟು ಅಗಲ, ಎಷ್ಟು ವ್ಯಾಟ್ ಎಂಬುದೆಲ್ಲ ಮಾರುವವರ ಪುಟದಲ್ಲೇ ಇದೆ. ಅಲ್ಲಿ ಇಲ್ಲದ್ದು ಇದೊಂದು: ಕರೆಂಟ್ ಹೋಗಿ ಬಂದರೆ, ಬಿಸಿಯನ್ನು ಹೇಳಿದಂತೆ ಏರಿಸಿ ಇಳಿಸುವ ಇದರ ಕಂಟ್ರೋಲರ್ ಎಲ್ಲಿದ್ದೆ ಎಂಬುದನ್ನೇ ಮರೆತು ಸುಮ್ಮನೆ ಕೂತುಬಿಡುತ್ತದೆ. ನಮ್ಮ ಬೀದರ್‌ನಲ್ಲಿ ಕೂತು ಇದನ್ನು ಸಣ್ಣ ದೋಷ ಅನ್ನಲಿಕ್ಕೆ ಆಗುವುದಿಲ್ಲ.

ಬಿಸಿ ಏರುವಾಗ ಹೋದರೆ ಚಿಂತೆಯಿಲ್ಲ, ಮತ್ತೆ ಹಚ್ಚಬಹುದು. ಆದರೆ ಕಿಟಕಿ ಗಾಜು 830 ಡಿಗ್ರಿ ಸುಮಾರಿಗೆ ಬೆಸೆದ ಮೇಲೆ 550ರ ಆಸುಪಾಸು ಹಿಡಿದು ನಿಲ್ಲಿಸಿ, ಅಲ್ಲಿಂದ ನಿಧಾನಕ್ಕೆ ಇಳಿಸಬೇಕು. ಆ ಹೊತ್ತಿನಲ್ಲಿ ಕೈಕೊಟ್ಟರೆ ಹೊರಮೈ ಮೊದಲು ತಣಿದು ಒಳಗೆ ಒತ್ತಡ ಉಳಿಯುತ್ತದೆ. ತಟ್ಟೆ ನೋಡಲಿಕ್ಕೆ ಚೆಂದವೇ ಇರುತ್ತದೆ, ಆಮೇಲೊಂದು ದಿನ ಯಾರೂ ಮುಟ್ಟದೆ ಕಪಾಟಿನಲ್ಲೇ ಟಿಕ್ ಎಂದು ಸೀಳುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ "ಸ್ಟೆಬಿಲೈಸರ್ ಹಾಕ್ರಿ ಮೇಡಂ" ಅಂದರು. ಕರೆಂಟೇ ಇಲ್ಲದಾಗ ಸ್ಟೆಬಿಲೈಸರ್ ಏನು ಮಾಡಬೇಕು? ಮನೆಯ ಇನ್ವರ್ಟರ್ ಅಂತೂ ಇದರ ಭಾರ ಹೊರುವುದಿಲ್ಲ.

ಹಾಗಾಗಿ ರಾತ್ರಿ ಊಟವಾದ ಮೇಲೇ ಹಚ್ಚುತ್ತೇನೆ. ಮೇ ತಿಂಗಳ ಗಾಳಿ-ಮಳೆ ದಿನಗಳಲ್ಲಿ ಮುಟ್ಟುವುದೇ ಇಲ್ಲ, ಆ ಸೆಕೆಗೆ ಮನೆಯೊಳಗೆ ಭಟ್ಟಿ ಬೇರೆ ಬೇಕೇ!

ಇಷ್ಟೆಲ್ಲ ಬೈದರೂ ಮಾರಿಬಿಡುವ ಮನಸ್ಸಾಗಿಲ್ಲ. ಹೊರದೇಶದ ಬಣ್ಣದ ಗಾಜು ನನ್ನ ಕೈಗೆಟುಕುವುದಲ್ಲ. ಗಾಜಿನ ಅಂಗಡಿಯಲ್ಲಿ ಉಳಿದ ತುಂಡು ತರುತ್ತೇನೆ, ಒಂದೇ ಶೀಟಿನದೇ ಆಗಬೇಕೆಂದು ಹೇಳಿ. ಹಿಗ್ಗುವ-ಕುಗ್ಗುವ ಲೆಕ್ಕ ಬೇರೆ ಇರುವ ಗಾಜುಗಳು ಬೆಸೆದುಕೊಂಡರೂ ತಣಿಯುವಾಗ ಬಿರಿಯುತ್ತವೆ. ಒಡೆದ ಬಳೆ ಚೂರು ಹಾಕು ಅನ್ನುವವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ತುಂಡು ತೊಳೆದು, ಬೆರಳಚ್ಚು ಉಳಿಯದಂತೆ ಒರೆಸಿ, ಬಿದರಿ ಕಸುಬಿನವರು ಬೆಳ್ಳಿಯಲ್ಲಿ ಕೂರಿಸುವಂಥ ಬಳ್ಳಿಯನ್ನು ತಾಮ್ರದ ತೆಳು ಹಾಳೆಯಲ್ಲಿ ಕತ್ತರಿಸುತ್ತೇನೆ. 3 ಮಿ.ಮೀ.ನ ಎರಡು ಗಾಜಿನ ನಡುವೆ ಅದನ್ನಿಟ್ಟು, ಅಂಟದಿರಲೆಂದು ಬಿಳಿ ಲೇಪ ಬಳಿದ ಹಲಗೆಯ ಮೇಲೆ ಮಲಗಿಸಿದರೆ ನನ್ನ ಕೆಲಸ ಮುಗಿಯಿತು. ಬಟ್ಟಲು ಬೇಕಾದರೆ ಅದೇ ತಟ್ಟೆಯನ್ನು ಇನ್ನೊಂದು ದಿನ ಮಣ್ಣಿನ ಅಚ್ಚಿನ ಮೇಲಿಟ್ಟು ಕಡಿಮೆ ಬಿಸಿಯಲ್ಲಿ ಬಗ್ಗಿಸುವುದು.

ಬೆಳಿಗ್ಗೆ ಚಹಾ ಹೊತ್ತಿಗೆ ಅತ್ತೆಯದೇ ಮೊದಲ ಪ್ರಶ್ನೆ: "ಏನವ್ವಾ, ಇನ್ನಾ ಆರ್ಲಿಲ್ಲೇನ್ ನಿನ್ ಭಟ್ಟಿ?" ಮೀಟರ್ 50 ಡಿಗ್ರಿಗಿಂತ ಕೆಳಗೆ ಬರುವ ತನಕ ಮುಚ್ಚಳ ತೆಗೆಯಗೊಡುವುದಿಲ್ಲ ನಾನು. ತೆಗೆದಾಗ ತಾಮ್ರ ಮಾಸಲು ಕೆಂಪಾಗಿರುತ್ತದೆ, ಗಾಳಿ ತಾಗಿದ ಅಂಚಿನಲ್ಲಿ ನೀಲಿ-ಹಸಿರು. ಎರಡು ಸಲ ಒಂದೇ ಥರ ಬಂದದ್ದಿಲ್ಲ.

ಭಟ್ಟಿಯ ಇಟ್ಟಿಗೆ ಗೋಡೆ ದಪ್ಪಗಿದೆ, ಮುಚ್ಚಳ ಬಿಗಿ, ಬಿಸಿ ಬೇಗ ಇಳಿಯುವುದಿಲ್ಲ. ಅಂಗೈಯಗಲದ ಸಾಮಾನು ಕರೆಂಟ್ ಹೋದರೂ ಎಷ್ಟೋ ಸಲ ಬದುಕಿ ಬಂದಿದೆ. ತಗೊಳ್ಳುವವರು ಕರೆಂಟ್ ಬಂದ ಮೇಲೆ ನಿಂತಲ್ಲಿಂದ ಮುಂದುವರಿಯುವ ಕಂಟ್ರೋಲರ್ ಇದೆಯಾ ಎಂದು ಕೇಳಿ, ಬರಹದಲ್ಲಿ ತಗೊಳ್ರಿ. ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ, ಕಡಿಮೆಯಾದ ಎರಡು ಕಂಟ್ರೋಲರಿನ ಪಾಲಿನವು.