ತೋಟದ ಕೆಲಸಕ್ಕೆ ಟ್ರೆಲ್ಲೊ: ಮೂರು ಮಳೆಗಾಲಗಳ ಬಳಕೆಯ ನಂತರ

ಮಾಲೀಕರು ಊರಿನಲ್ಲಿ ಇಲ್ಲದ ಐದು ಕಾಫಿ ತೋಟಗಳ ಮೇಲ್ವಿಚಾರಣೆಯನ್ನು ಮಡಿಕೇರಿಯ ನಮ್ಮ ಪುಟ್ಟ ಕಚೇರಿ ನೋಡಿಕೊಳ್ಳುತ್ತದೆ. ಸಿದ್ದಾಪುರ, ಪಾಲಿಬೆಟ್ಟದ ಕಡೆಯ ಮೂರು ತೋಟಗಳಲ್ಲಿ ರೊಬಸ್ಟಾ ಇದೆ, ಮಾದಾಪುರದ ಕಡೆಯ ಎರಡರಲ್ಲಿ ಅರೇಬಿಕಾ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್‌ಗಳು ತೋಟಕ್ಕೊಬ್ಬರಂತೆ ಐವರು, ಕಚೇರಿಯಲ್ಲಿ ನಾವು ನಾಲ್ವರು. ಈ ಒಂಬತ್ತು ಮಂದಿಯ ಕೆಲಸವನ್ನು 2022ರ ಜೂನ್‌ನಿಂದ, ಪ್ರತಿ ಕೆಲಸವನ್ನೂ ಬೋರ್ಡಿನ ಮೇಲೆ ಒಂದು ಕಾರ್ಡಾಗಿ ತೋರಿಸುವ ಟ್ರೆಲ್ಲೊ ಎಂಬ ತಂತ್ರಾಂಶದ ಉಚಿತ ಯೋಜನೆಯಲ್ಲಿ ನಡೆಸುತ್ತಿದ್ದೇವೆ.

ಅದಕ್ಕೂ ಮೊದಲು ಎಲ್ಲವೂ ವಾಟ್ಸ್ಆ್ಯಪ್ ಗುಂಪಿನಲ್ಲೇ ನಡೆಯುತ್ತಿತ್ತು. ಶುಭೋದಯದ ಹೂವುಗಳ ನಡುವೆ ಗೊಬ್ಬರದ ಲೆಕ್ಕವನ್ನು ಹುಡುಕಿ ತೆಗೆಯಬೇಕಿತ್ತು. ಒಂದು ವರ್ಷ ಮೇ ತಿಂಗಳ ಕೊನೆಯಲ್ಲಿ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತವನ್ನು ಕಚೇರಿಯವರು ಕಳುಹಿಸಿದ್ದಾರೆಂದು ರೈಟರ್, ರೈಟರ್ ಖರೀದಿಸಿದ್ದಾರೆಂದು ಕಚೇರಿಯವರು ತಿಳಿದು ಕುಳಿತಿರುವಾಗಲೇ ಮಳೆ ಹಿಡಿಯಿತು, ಮತ್ತು ಸಿಂಪಡಣೆಯಾಗದೆ ಉಳಿದ ಆ ಭಾಗದಲ್ಲಿ ಕೊಳೆರೋಗ ಕಾಣಿಸಿಕೊಂಡಿತು. ತಪ್ಪು ನಮ್ಮದೇ. ಯಾವ ಕೆಲಸ ಯಾರ ಕೈಯಲ್ಲಿದೆ ಎಂಬುದು ಎಲ್ಲರಿಗೂ ಕಾಣುವಂತೆ ಒಂದೆಡೆ ಇರಬೇಕೆಂದು ತೀರ್ಮಾನಿಸಿದ್ದು ಆಗ.

ಮೊದಲು ಕೊಂಡದ್ದು ಗ್ಯಾಂಟ್ ನಕ್ಷೆಯ ಮೇಲೆ ನಿಂತ ಬೇರೊಂದು ತಂತ್ರಾಂಶ. ಪ್ರತಿ ಕೆಲಸಕ್ಕೂ ಆರಂಭ ಮತ್ತು ಮುಕ್ತಾಯದ ದಿನಾಂಕ ಕೊಟ್ಟು, ಒಂದರ ಹಿಂದೆ ಒಂದನ್ನು ಜೋಡಿಸಬೇಕಾದ ಈ ಪದ್ಧತಿ ಕಟ್ಟಡ ಕಟ್ಟುವವರಿಗೆ ಹೊಂದಬಹುದು. ಕಾಫಿ ತೋಟದಲ್ಲಿ ದಿನಾಂಕವನ್ನು ನಿಶ್ಚಯಿಸುವುದು ಮಳೆ. ಹೂಮಳೆ ಬಿದ್ದು ಸುಮಾರು ಒಂದು ವಾರಕ್ಕೆ ಹೂವು ಅರಳುತ್ತದೆ. ಆ ನಂತರ ಬ್ಯಾಕಿಂಗ್ ಮಳೆ (ಹೂವು ಕಾಯಾಗಲು ಬೇಕಾದ ಎರಡನೆಯ ಮಳೆ) ಬಾರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕೇ ಎಂಬುದೂ, ಹೂವಿನ ನಂತರದ ಗೊಬ್ಬರವನ್ನು ಯಾವಾಗ ಕೊಡಬೇಕೆಂಬುದೂ ಅದನ್ನೇ ಅವಲಂಬಿಸಿರುತ್ತವೆ. ನಾವು ಹೂಮಳೆಗೆ ಮಾರ್ಚ್ 10 ಎಂದು ನಮೂದಿಸಿದ್ದೆವು. ಮಳೆ ತಡವಾದಂತೆ ಅದರ ನಂತರದ ಸಾಲುಗಳೆಲ್ಲ ಕೆಂಪಾಗಿ, ಪ್ರತಿ ಬೆಳಿಗ್ಗೆ ಎಲ್ಲರಿಗೂ ‘ಅವಧಿ ಮೀರಿದೆ’ ಎಂಬ ಎಚ್ಚರಿಕೆ ಬರತೊಡಗಿತು. ‘ಸಾರ್, ಮಳೆ ಬಂದಿಲ್ಲ ಅಂತ ಇದಕ್ಕೆ ಹೇಳುವುದು ಹೇಗೆ?’ ಎಂದು ನಮ್ಮ ಹಿರಿಯ ರೈಟರ್ ಕೇಳಿದ ಪ್ರಶ್ನೆಗೆ ಉತ್ತರವಿರಲಿಲ್ಲ. ವರ್ಷದ ಹಣ ಹೋಯಿತು.

ಟ್ರೆಲ್ಲೊ 2011ರಲ್ಲಿ ಆರಂಭವಾಗಿ, 2017ರಲ್ಲಿ 42.5 ಕೋಟಿ ಡಾಲರ್‌ಗೆ ಅಟ್ಲಾಸಿಯನ್ ಸಂಸ್ಥೆಯ ಪಾಲಾಯಿತು. ಅದರ ಮೂಲದಲ್ಲಿರುವುದು ಟೊಯೊಟಾದಲ್ಲಿ ತೈಚಿ ಓನೊ ರೂಪಿಸಿದ ಕಾನ್‌ಬಾನ್ ಪದ್ಧತಿ: ದಿನಾಂಕ ಬಂತೆಂದು ಕೆಲಸವನ್ನು ಮುಂದಕ್ಕೆ ತಳ್ಳದೆ, ಮುಂದಿನ ಹಂತ ಸಿದ್ಧವಾದಾಗ ಎಳೆದುಕೊಳ್ಳುವುದು. ನಮ್ಮಲ್ಲಿ ತೋಟಕ್ಕೊಂದು ಬೋರ್ಡ್. ಅದರಲ್ಲಿ ‘ಮಳೆಗೆ ಕಾಯುತ್ತಿದೆ’, ‘ಬಿಸಿಲಿಗೆ ಕಾಯುತ್ತಿದೆ’, ‘ಆಳು ಬೇಕು’, ‘ನಡೆಯುತ್ತಿದೆ’, ‘ಮುಗಿಯಿತು’ ಎಂಬ ಐದು ಪಟ್ಟಿಗಳು. ಮಳೆ ಬಿದ್ದ ದಿನ ರೈಟರ್ ಕಾರ್ಡನ್ನು ಬೆರಳಿನಿಂದ ಪಕ್ಕಕ್ಕೆ ಎಳೆದರೆ ಸಾಕು. ದಿನಾಂಕ ಕೊಡುವುದು ಮಳೆಗೆ ಕಾಯದ ಕೆಲಸಗಳಿಗೆ ಮಾತ್ರ. ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡಗಳನ್ನು ಗುರುತಿಸುವ ಮಾರ್ಚ್ ಮತ್ತು ಸೆಪ್ಟೆಂಬರ್‌ನ ಕೆಲಸ ಅಂಥದ್ದು; ಆ ಕಾಂಡಕೊರಕದ ದುಂಬಿಗಳು ಹಾರಾಡುವುದಕ್ಕೆ ಮೊದಲು ಅದು ಮುಗಿಯಲೇಬೇಕು. ಬಣ್ಣದ ಲೇಬಲ್‌ಗಳಲ್ಲಿ ನಾವು ನಿಜವಾಗಿ ಬಳಸುವುದು ಒಂದನ್ನೇ, ಕೆಂಪು ಬಣ್ಣದ ‘ಆನೆ’. ಸಿದ್ದಾಪುರದ ಕಡೆ ತೋಟದೊಳಗೆ ಆನೆ ನಿಂತಿದ್ದರೆ ಆ ಭಾಗದ ಕಾರ್ಡಿಗೆ ಈ ಲೇಬಲ್ ಬೀಳುತ್ತದೆ, ಅಂದು ಅಲ್ಲಿಗೆ ಆಳುಗಳನ್ನು ಕಳುಹಿಸುವುದಿಲ್ಲ.

ನಮ್ಮ ಆಯ್ಕೆಯನ್ನು ಕೊನೆಗೂ ನಿರ್ಧರಿಸಿದ್ದು ನೆಟ್‌ವರ್ಕ್ ಇಲ್ಲದಾಗಲೂ ನಡೆಯುವ ಇದರ ಮೊಬೈಲ್ ಆ್ಯಪ್. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕರೆಂಟು ಹೋಗಿ, ಅದರ ಹಿಂದೆಯೇ ಮೊಬೈಲ್ ಟವರ್ ಕೂಡ ಮಲಗಿದ ಮೇಲೆ ತೋಟದೊಳಗಿನಿಂದ ಯಾವ ಸುದ್ದಿಯೂ ಹೊರಬರುವುದಿಲ್ಲ. ಮೊದಲೇ ತೆರೆದು ನೋಡಿದ ಬೋರ್ಡ್ ಫೋನಿನಲ್ಲಿ ಉಳಿದಿರುತ್ತದೆ. ರೈಟರ್ ಅದರಲ್ಲೇ ಬದಲಾವಣೆ ಮಾಡಿ, ಸಂಜೆ ರಸ್ತೆಗೆ ಬಂದು ನೆಟ್‌ವರ್ಕ್ ಸಿಕ್ಕಾಗ ಎಲ್ಲವೂ ತಾನಾಗಿ ಕಚೇರಿ ತಲುಪುತ್ತದೆ. ಆದರೆ ಕಚೇರಿಯಲ್ಲಿ ಕಾಣುವುದು ಇಂದಿನ ಸ್ಥಿತಿಯಲ್ಲ, ರೈಟರ್‌ಗೆ ಕೊನೆಯ ಬಾರಿ ನೆಟ್‌ವರ್ಕ್ ಸಿಕ್ಕ ಹೊತ್ತಿನ ಸ್ಥಿತಿ ಎಂಬುದನ್ನು ಅರಿಯಲು ನಮಗೆ ಒಂದು ಮಳೆಗಾಲವೇ ಬೇಕಾಯಿತು. ಈಗ ಕಾರ್ಡಿನ ಟಿಪ್ಪಣಿಯಲ್ಲಿ ಕೆಲಸ ನಡೆದ ದಿನಾಂಕವನ್ನು ಕೈಯಿಂದ ಬರೆಯುವುದು ಕಡ್ಡಾಯ. ಟಿಪ್ಪಣಿಗಳೆಲ್ಲ ಕನ್ನಡದಲ್ಲೇ ಇವೆ.

ಇದರಿಂದ ಆಗದ ಕೆಲಸಗಳೂ ಇವೆ. ಹಾಜರಿ ಮತ್ತು ಕೂಲಿಯ ಲೆಕ್ಕಕ್ಕೆ ಚೆಕ್‌ರೋಲ್ ಪುಸ್ತಕವನ್ನು ಬಿಡಲಿಲ್ಲ, ಬಿಡುವ ಯೋಚನೆಯೂ ಇಲ್ಲ. ಕೊಯ್ಲಿನ ಕಾಲದಲ್ಲಿ ಎಲ್ಲವೂ ಕಿಲೋ ಲೆಕ್ಕದಲ್ಲಿ ನಡೆಯುವುದರಿಂದ ಬೋರ್ಡ್ ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ. ಕ್ಯಾಲೆಂಡರ್‌ನಂತೆ ನೋಡುವ ಸೌಲಭ್ಯ ಹಣ ಕೊಡುವ ಪ್ರೀಮಿಯಂ ಯೋಜನೆಯಲ್ಲಿದೆ. ಅದರ ಕೊರತೆ ನಮ್ಮನ್ನು ಕಾಡಿಲ್ಲ. ಉಚಿತ ಯೋಜನೆಯಲ್ಲಿ ಒಂದು ಕಡತ 10 ಎಂಬಿ ಮೀರುವಂತಿಲ್ಲ, ಒಂದು ಕಾರ್ಯಕ್ಷೇತ್ರದಲ್ಲಿ (ತಂಡದ ಬೋರ್ಡ್‌ಗಳೆಲ್ಲ ಇರುವ ವರ್ಕ್‌ಸ್ಪೇಸ್) ಹತ್ತು ಬೋರ್ಡ್‌ಗಳಿಗಷ್ಟೇ ಅವಕಾಶ, ಮತ್ತು 2024ರಿಂದ ಸದಸ್ಯರ ಮಿತಿಯೂ ಹತ್ತೇ. ಒಂಬತ್ತು ಮಂದಿಯ ನಮಗೆ ಈ ಕೊನೆಯ ಮಿತಿಯೇ ಮುಖ್ಯವಾದದ್ದು, ಏಕೆಂದರೆ ಬೆಂಗಳೂರಿನಲ್ಲಿ ಕುಳಿತ ಮಾಲೀಕರನ್ನು ಬೋರ್ಡಿಗೆ ಸೇರಿಸಲು ಉಳಿದಿರುವುದು ಒಂದೇ ಸ್ಥಾನ. ಅದನ್ನು ಒಬ್ಬರಿಗೆ ಕೊಟ್ಟು ಉಳಿದವರ ಮುನಿಸು ಕಟ್ಟಿಕೊಳ್ಳುವುದಕ್ಕಿಂತ, ಐವರಿಗೂ ತಿಂಗಳ ಕೊನೆಯಲ್ಲಿ ಬೋರ್ಡಿನ ಸ್ಕ್ರೀನ್‌ಶಾಟ್ ಕಳುಹಿಸುತ್ತೇವೆ.

ಅದೇ ದಿನ ಪ್ರತಿ ಬೋರ್ಡನ್ನೂ ಜೆಸನ್ (ಬೇರೆ ತಂತ್ರಾಂಶಗಳೂ ಓದಬಲ್ಲ ಪಠ್ಯರೂಪದ) ಕಡತವಾಗಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳುತ್ತೇವೆ. ಇದಕ್ಕೆ ಉಚಿತ ಯೋಜನೆಯೇ ಸಾಕು. ಟ್ರೆಲ್ಲೊದಂಥದ್ದೇ ಬೋರ್ಡ್‌ಗಳಿರುವ ಮುಕ್ತ ತಂತ್ರಾಂಶವಾದ ವೀಕ್ಯಾನ್ ಈ ಕಡತಗಳನ್ನು ಓದಬಲ್ಲದು. ಮುಂದಿನ ಹಂಗಾಮಿನಲ್ಲಿ ಇನ್ನೆರಡು ತೋಟಗಳು ನಮ್ಮ ಕೈಗೆ ಬಂದರೆ ರೈಟರ್‌ಗಳು ಏಳಾಗಿ ಹತ್ತರ ಮಿತಿ ದಾಟುತ್ತದೆ. ಆಗ ತಲಾ ಲೆಕ್ಕದಲ್ಲಿ ಹಣ ಕೊಟ್ಟು ಟ್ರೆಲ್ಲೊದಲ್ಲೇ ಉಳಿಯುವುದು ಸದ್ಯದ ನಮ್ಮ ಒಲವು, ಏಕೆಂದರೆ ವೀಕ್ಯಾನ್ ಅನ್ನು ನಮ್ಮದೇ ಸರ್ವರ್‌ನಲ್ಲಿ ನಡೆಸಬೇಕೆಂದರೆ ಆ ಸರ್ವರ್ ಇರಬೇಕಾದ್ದು ಮಳೆಗಾಲದಲ್ಲಿ ಕರೆಂಟಿಲ್ಲದ ಇದೇ ಕಚೇರಿಯಲ್ಲಿ.