ಡಕ್ಟ್ ಟೇಪ್ ಡಮ್ಮಿ: ಕರಾವಳಿಯ ಸೆಖೆಗೂ ಮಳೆಗೂ ತಡೆಯುವ ಟೇಪು ಯಾವುದು?

ಯಕ್ಷಗಾನದ ಎದೆಪದಕ, ಭುಜಕೀರ್ತಿಯೇ ಇರಲಿ, ಜಾತ್ರೆ ನಾಟಕದ ಫೋಮ್ ಕವಚವೇ ಇರಲಿ, ಅಳತೆ ನೋಡಲು ವೇಷಧಾರಿಯನ್ನು ದಿನವಿಡೀ ನಿಲ್ಲಿಸಿಕೊಳ್ಳಲು ಆಗುವುದಿಲ್ಲ. ಟೈಲರ್ ಅಂಗಡಿಯ ಡಮ್ಮಿಯೋ, ಯಾರ ಮೈಗೂ ಸರಿಹೊಂದದ ಮೈ. ವೇಷಧಾರಿಯ ಮೈಗೇ ಟೇಪ್ ಅಂಟಿಸಿ ಅಚ್ಚು ತೆಗೆದು, ಅದನ್ನು ತುಂಬಿ ಅವರದೇ ಡಮ್ಮಿ ಮಾಡಿಕೊಂಡರೆ ಖರ್ಚೂ ಕಡಿಮೆ. ಆದರೆ ಕಾರವಾರ, ಕುಮಟಾ, ಶಿರಸಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಟೇಪ್ ಎಂದು ಕೇಳಿದರೆ ಕೊಡುವುದೆಲ್ಲ ಈ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಆಯ್ಕೆ 48 ಮಿ.ಮೀ. ಅಗಲದ, ಒಳಗೆ ಬಟ್ಟೆ ಎಳೆಯಿರುವ ಡಕ್ಟ್ ಟೇಪ್. ಕೊಳ್ಳುವಾಗ ತುದಿ ಹರಿದು ನೋಡಿ. ಕೈಯಲ್ಲೇ ಅಡ್ಡಕ್ಕೆ ನೇರವಾಗಿ ಹರಿದು, ಅಂಚಿನಲ್ಲಿ ನೂಲು ಕಂಡರೆ ಸರಿ. ಬರೀ ಪ್ಲಾಸ್ಟಿಕ್ ಹಾಳೆಯದ್ದು ಉದ್ದಕ್ಕೆ ಜಗ್ಗುತ್ತದೆ, ತುಂಬುವಾಗ ಉಬ್ಬುತ್ತದೆ. ಎಸಿ ಕೆಲಸದ ಅಲ್ಯೂಮಿನಿಯಂ ಫಾಯಿಲ್ ಟೇಪನ್ನೂ ಕೆಲವರು ಇದೇ ಹೆಸರಿನಲ್ಲಿ ಕೊಡುತ್ತಾರೆ. ಅದರ ಅಂಚು ಚರ್ಮ ಕೊಯ್ಯುತ್ತದೆ, ಬೇಡವೇ ಬೇಡ. ಕಂದು ಪ್ಯಾಕಿಂಗ್ ಟೇಪ್ ಅಗ್ಗ, ಆದರೆ ಎದೆ ಭುಜದ ತಿರುವಿನಲ್ಲಿ ಬಗ್ಗದೆ ನಿರಿಗೆ ಬೀಳುತ್ತದೆ. ನೀರು ಹಚ್ಚಿ ಅಂಟಿಸುವ ಕಾಗದದ ಟೇಪಿನ ಅಚ್ಚು ಮಾತ್ರ ನಿಜಕ್ಕೂ ಚೆಂದ: ಗಟ್ಟಿ, ಗುಂಡುಸೂಜಿ ಹಿಡಿಯುತ್ತದೆ. ಘಟ್ಟದ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಬೂಸ್ಟು ಹಿಡಿಯದಂತೆ ಕಾಯುವುದೇ ದೊಡ್ಡ ಕೆಲಸ. ಒಳಗೂ ಹೊರಗೂ ವಾರ್ನಿಷ್ ಬಳಿಯುವ ತಾಳ್ಮೆ ಇದ್ದರೆ ತೆಗೆದುಕೊಳ್ಳಿ.

ಎಷ್ಟು ಬೇಕು? ಕುತ್ತಿಗೆಯಿಂದ ಸೊಂಟದ ಕೆಳಗಿನವರೆಗೆ ಮಧ್ಯಮ ಮೈಗೆ ಸುಮಾರು 0.8 ಚದರ ಮೀಟರ್. ಮೂರು ಪದರಕ್ಕೆ 50 ಮೀಟರ್ ಟೇಪ್, ಒಂದರ ಮೇಲೊಂದು ಏರುವ ಭಾಗ ಸೇರಿಸಿ 65 ಮೀಟರ್. ಅಂದರೆ 25 ಮೀಟರಿನ 3 ರೋಲ್.

ವೇಷದಲ್ಲಿ ಕವಚದ ಕೆಳಗೆ ಏನು ಇರುತ್ತದೋ ಅದನ್ನೆಲ್ಲ ತೊಡಿಸಿಯೇ ಅಚ್ಚು ತೆಗೆಯಬೇಕು. ಯಕ್ಷಗಾನವಾದರೆ ದಗಲೆ (ವೇಷದ ಅಂಗಿ), ಒಳಗೆ ಕಟ್ಟುವ ಬಟ್ಟೆ ಸಮೇತ. ಅದರ ಮೇಲೆ ಕತ್ತರಿಸಲು ಬೇಜಾರಿಲ್ಲದ ಬಿಗಿ ಟೀ ಶರ್ಟ್. ಬರೀ ಬನಿಯನ್ ಮೇಲೆ ತೆಗೆದ ಅಚ್ಚಿಗೆ ಹೊಲಿದ ಡಾಬು ರಂಗಸ್ಥಳದಲ್ಲಿ ಕೊಕ್ಕೆಗೆ ಸಿಕ್ಕುವುದಿಲ್ಲ. ಟೇಪನ್ನು 15–20 ಸೆಂ.ಮೀ. ತುಂಡುಗಳಾಗಿ ಹರಿದು ಅಂಟಿಸಿ. ರೋಲ್ ಹಿಡಿದು ಮೈಸುತ್ತ ಸುತ್ತುತ್ತ ಹೋದರೆ ಬಿಗಿ ಏರುತ್ತದೆ, ಉಸಿರು ಕಟ್ಟುತ್ತದೆ, ಅಚ್ಚೂ ಕಿರಿದಾಗುತ್ತದೆ. ಮೊದಲ ಪದರ ಅಡ್ಡಕ್ಕೆ, ಎರಡನೆಯದು ಓರೆಗೆ, ಮೂರನೆಯದು ಉದ್ದಕ್ಕೆ. ಕುತ್ತಿಗೆಗೆ ತೆಳು ಪ್ಲಾಸ್ಟಿಕ್ ಸುತ್ತಿ, ಟೇಪಿನ ಚಿಕ್ಕ ತುಂಡುಗಳನ್ನು ನೆಟ್ಟಗೆ ಮಾತ್ರ ಹಾಕಿ. ತೋಳಿನ ಮೇಲೂ ಒಂದು ಗೇಣಿನಷ್ಟು ಹೋಗಲಿ, ಇಲ್ಲದಿದ್ದರೆ ಭುಜಕೀರ್ತಿ ಎಲ್ಲಿ ಕೂರುತ್ತದೆಂದು ತಿಳಿಯುವುದೇ ಇಲ್ಲ. ಏಪ್ರಿಲ್, ಮೇ ಸೆಖೆಯಲ್ಲಿ ಈ ಕೆಲಸ ಬೇಡ. ಟೇಪಿನೊಳಗೆ ಬೆವರು ಆರುವುದಿಲ್ಲ. ಫ್ಯಾನ್ ಹಾಕಿ, ಮೊಣಕಾಲು ಸಡಿಲ ಬಿಟ್ಟು ನಿಲ್ಲಿಸಿ, ತಲೆ ಸುತ್ತುತ್ತದೆ ಎಂದರೆ ತಕ್ಷಣ ಕತ್ತರಿಸಿ.

ಬಿಚ್ಚುವ ಮೊದಲು ಮಾರ್ಕರ್‌ನಿಂದ ಬೆನ್ನಿನ ನಡುಗೆರೆ ಎಳೆದು, ಅದಕ್ಕೆ ಅಡ್ಡವಾಗಿ ಐದಾರು ಗುರುತು ಹಾಕಿ. ಮೆಡಿಕಲ್ ಅಂಗಡಿಯ ಮೊಂಡು ತುದಿಯ ಬ್ಯಾಂಡೇಜ್ ಕತ್ತರಿಯಿಂದ ಆ ಗೆರೆಯ ಮೇಲೆ ಕತ್ತರಿಸಿದರೆ, ಮತ್ತೆ ಜೋಡಿಸುವಾಗ ಗುರುತುಗಳು ಒಂದಕ್ಕೊಂದು ಕೂಡಿಬರುತ್ತವೆ.

ಹೆಚ್ಚಿನವರು ಎಡವುವುದು ತುಂಬುವಲ್ಲಿ. ಎದೆ ಸುತ್ತಳತೆ 95 ಸೆಂ.ಮೀ. ಇರುವ ಮೈ ಸುಮಾರು 35 ಸೆಂ.ಮೀ. ಅಗಲ, 25 ಸೆಂ.ಮೀ. ದಪ್ಪ ಇರುತ್ತದೆ. ಅದೇ ಅಚ್ಚಿಗೆ ಹತ್ತಿ ತುರುಕಿದರೆ ಗುಂಡಗಾಗಿ ಎರಡೂ ಕಡೆ 30 ಆಗುತ್ತದೆ. ಅಳತೆಪಟ್ಟಿ ಹಿಡಿದರೆ ಸುತ್ತಳತೆ ಸರಿಯೇ ಇರುತ್ತದೆ! ಕವಚ ಮಾತ್ರ ಮೈಗೆ ಹಾಕಿದಾಗ ಎದೆಯಲ್ಲಿ ಜೋಲು, ಪಕ್ಕೆಯಲ್ಲಿ ಒತ್ತು. ಬುಡಕ್ಕೂ ತೋಳಿನ ಬಾಯಿಗೂ ಮೊಟ್ಟೆಯಾಕಾರದ ದಪ್ಪ ರಟ್ಟು ಕೂರಿಸಿ. ಎದೆ, ಸೊಂಟದ ಮಟ್ಟದಲ್ಲಿ ಮುಂದಿನಿಂದ ಹಿಂದಕ್ಕೆ ನೈಲಾನ್ ದಾರ ಹಾಯಿಸಿ, ಎರಡೂ ತುದಿಗೆ ದೊಡ್ಡ ಗುಂಡಿ ಕೊಟ್ಟು, ದಪ್ಪ ಸರಿಬರುವವರೆಗೆ ಎಳೆದು ಕಟ್ಟಿ.

ತುಂಬಲು ದಿಂಬಿಗೆ ಹಾಕುವ ರೆಕ್ರಾನ್ (ಪಾಲಿಯೆಸ್ಟರ್ ನಾರು) ಸುಮಾರು 2 ಕೆ.ಜಿ. ಹಿಡಿಯುತ್ತದೆ. ಹಳೆ ಪೇಪರ್ ತೇವ ಎಳೆದು ಕುಸಿಯುತ್ತದೆ, ಹುಲ್ಲಿಗೆ ಇಲಿ ಬರುತ್ತದೆ. ಡಬ್ಬಿಯ ಸ್ಪ್ರೇ ಫೋಮ್ ಸುಲಭವೆಂದು ಕಾಣುತ್ತದೆ, ಆದರೆ ಗಾಳಿಯ ತೇವ ಸಿಗದೆ ಒಳಗಿನದು ಹಸಿಯಾಗೇ ಉಳಿದು, ನಾಳೆ ನಾಡಿದ್ದು ಉಬ್ಬಿ ಬೆನ್ನಿನ ಜೋಡಣೆಯನ್ನೇ ಬಿಚ್ಚುತ್ತದೆ. ನಿಲ್ಲಿಸಲು ಪಿವಿಸಿ ಪೈಪ್ ಸಾಕು. ಕಬ್ಬಿಣದ್ದಕ್ಕೆ ಉಪ್ಪುಗಾಳಿ ತುಕ್ಕು ಹಿಡಿಸಿ ಬಟ್ಟೆಗೆ ಕಲೆ.

ಡಕ್ಟ್ ಟೇಪಿನ ದೊಡ್ಡ ದೋಷ ಬಿಸಿ ತಡೆಯದಿರುವುದು. ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಈಗಷ್ಟೇ ಬಗ್ಗಿಸಿದ ಫೋಮನ್ನು ನೇರ ಇಟ್ಟರೆ ಅಂಟು ಕರಗಿ ಪದರ ಜಾರುತ್ತದೆ. ರಬ್ಬರ್ ಸೊಲ್ಯೂಷನ್ ತಾಗಿದರೂ ಹಾಗೆಯೇ. ಮೇಲೊಂದು ಬಿಗಿ ಬನಿಯನ್ ತೊಡಿಸಿ, ಕವಚ ತಣಿದ ಮೇಲಷ್ಟೇ ಇಡಿ. ಡಮ್ಮಿ ಕೈ ಎತ್ತುವುದಿಲ್ಲ, ಬಗ್ಗುವುದಿಲ್ಲ. ಕಂಕುಳ ಕೆಳಗೆ ಮೂರು ಬೆರಳು ಜಾಗ ಬಿಟ್ಟೇ ಕವಚ ಕತ್ತರಿಸಿ. ಬೇಗಡೆ ಅಂಟಿಸುವ ಮೊದಲು ಒಮ್ಮೆ ವೇಷಧಾರಿಗೇ ತೊಡಿಸಿ, ಒಂದೆರಡು ಹೆಜ್ಜೆ ಹಾಕಿಸಿ ನೋಡಿ.