ಲಂಡೌರ್, ಬೀರ್, ಕಾಲಿಂಪಾಂಗ್: ವಿದೇಶಿ ಗಂಡನ ಜೊತೆ ಬಾಡಿಗೆಗಿದ್ದು ನೋಡಿದ ಮೂರು ಊರು

ನಾನು ಕುಶಾಲನಗರದವಳು. ನಮ್ಮ ಮನೆಯವರು ಜರ್ಮನಿಯವರು. ಬೆಂಗಳೂರಿನ ಗಲಾಟೆ ಸಾಕಾಗಿ, ಹಿಮಾಲಯದ ಯಾವುದಾದರೂ ಸಣ್ಣ ಊರಲ್ಲಿ ನೆಲೆಸೋಣ ಅಂತ ಹೊರಟೆವು. ನಾಲ್ಕು ದಿನ ರಜೆಗೆ ಹೋದರೆ ಎಲ್ಲ ಊರೂ ಚೆಂದವೇ ಅಲ್ವಾ? ಅದಕ್ಕೇ ಬಾಡಿಗೆ ಮನೆ ಹಿಡಿದು, ಗ್ಯಾಸ್ ಸಿಲಿಂಡರ್ ತಂದು, ಅಡುಗೆ ಮಾಡಿಕೊಂಡು ಇದ್ದು ನೋಡಿದೆವು. 2022ರ ಅಕ್ಟೋಬರ್‌ನಿಂದ ಮುಂದಿನ ಮೇವರೆಗೆ ಉತ್ತರಾಖಂಡದ ಲಂಡೌರ್. 2023ರ ಮಳೆಗಾಲ ಪೂರ್ತಿ ಹಿಮಾಚಲದ ಬೀರ್. ಆಮೇಲೆ ಒಂದೂವರೆ ತಿಂಗಳು ಪಶ್ಚಿಮ ಬಂಗಾಳದ ಕಾಲಿಂಪಾಂಗ್.

ಮೊದಲು ಕಾಗದಪತ್ರದ ವಿಷಯ ಹೇಳಿಬಿಡುತ್ತೇನೆ. ಗಂಡನೋ ಹೆಂಡತಿಯೋ ವಿದೇಶಿ ಆಗಿದ್ದರೆ ಊರು ಆರಿಸುವುದು ಬೆಟ್ಟ ನೋಡಿ ಅಲ್ಲ, ಮನೆ ಮಾಲೀಕರನ್ನು ನೋಡಿ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮಾಲೀಕರು ಸಿ ಫಾರ್ಮ್ ತುಂಬಬೇಕಿತ್ತು, ಅಂದರೆ ಇಂಥವರು ನಮ್ಮಲ್ಲಿ ಉಳಿದಿದ್ದಾರೆ ಅಂತ ಸರ್ಕಾರಕ್ಕೆ ತಿಳಿಸುವ ಅರ್ಜಿ. 180 ದಿನಕ್ಕಿಂತ ಜಾಸ್ತಿ ಅವಧಿಯ ವೀಸಾ ಇದ್ದರೆ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ, ನೋಂದಣಿ. ಮನೆ ಬದಲಾಯಿಸಿದಾಗಲೆಲ್ಲ ಹೊಸ ವಿಳಾಸ ಕೊಡಬೇಕು, ಅದಕ್ಕೆ ಬಾಡಿಗೆ ಕರಾರು ಬೇಕು. ಎಲ್ಲ ಆನ್‌ಲೈನ್, ಕಷ್ಟ ಏನಿಲ್ಲ. ಆದರೆ ಪೊಲೀಸರ ಹೆಸರು ಕೇಳಿದರೆ ಸಾಕು, ಕೆಲವು ಮಾಲೀಕರು ಹಿಂದೆ ಸರಿಯುತ್ತಾರೆ. ಲಂಡೌರ್‌ನಲ್ಲಿ ನಮಗೆ ಮೊದಲು ಒಪ್ಪಿದ ಮನೆ ಹೀಗೇ ಕೈತಪ್ಪಿತು. ಸಾಮಾನು ಗಾಡಿಯಲ್ಲಿತ್ತು, ಮಾಲೀಕರು ಫೋನ್ ಎತ್ತಲಿಲ್ಲ. ಆ ರಾತ್ರಿ ಒಂದು ಗೆಸ್ಟ್ ಹೌಸ್‌ನಲ್ಲಿ ಮಲಗಿದೆವು, ನನಗೆ ಅಳು ಬಂದಿತ್ತು. ಬೀರ್‌ನಲ್ಲಿ ಮಾಲೀಕರು ಟೀ ಕುಡಿಯುತ್ತಲೇ ಫಾರ್ಮ್ ತುಂಬಿದರು. ಪ್ಯಾರಾಗ್ಲೈಡಿಂಗ್‌ಗೆ ಬರುವ ವಿದೇಶಿಯರಿಗೆ ರೂಮು ಕೊಟ್ಟು ಅವರಿಗೆ ಅಭ್ಯಾಸವಾಗಿತ್ತು. "ದೀದಿ, ಪಾಸ್‌ಪೋರ್ಟ್ ಫೋಟೋ ಕಳಿಸಿ ಸಾಕು" ಅಂದರು. ಅವತ್ತಿಂದ ನಮ್ಮವರು ಅವರಿಗೆ ಜೀಜಾಜಿ, ಅಂದರೆ ಭಾವ.

ಲಂಡೌರ್ ಮಸೂರಿಯ ತಲೆ ಮೇಲಿದೆ, ಸುಮಾರು 2,200 ಮೀಟರ್ ಎತ್ತರ. 1827ರಲ್ಲಿ ಬ್ರಿಟಿಷರು ಕಾಯಿಲೆ ಬಿದ್ದ ಸೈನಿಕರ ಆರೈಕೆಗೆ ಕಟ್ಟಿದ ಜಾಗ. ಈಗಲೂ ಕಂಟೋನ್ಮೆಂಟ್, ಹೊಸ ಕಟ್ಟಡಕ್ಕೆ ಅವಕಾಶ ಸಿಗುವುದು ತೀರಾ ಕಷ್ಟ. ಅದಕ್ಕೇ ದೇವದಾರು ಮರಗಳು ಹಾಗೇ ಉಳಿದಿವೆ, ಅದಕ್ಕೇ ಬಾಡಿಗೆಯೂ ಜಾಸ್ತಿ. ಹಳೇ ಬಂಗಲೆಯ ಅರ್ಧ ಭಾಗಕ್ಕೆ ನಾವು ತಿಂಗಳಿಗೆ 45 ಸಾವಿರ ಕೊಟ್ಟೆವು. ಬೀರ್‌ನಲ್ಲಿ ಎರಡು ರೂಮು, ಅಡುಗೆಮನೆ, ಮುಂದೆ ಗದ್ದೆ, ಎಲ್ಲ ಸೇರಿ 16 ಸಾವಿರ.

ಲಂಡೌರ್ ಚಳಿ ನನಗೆ ಆಗಿಬರಲಿಲ್ಲ. ಜನವರಿಯಲ್ಲಿ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಗುರ್ ಅಂತ ಗಾಳಿ ಮಾತ್ರ ಬರುತ್ತಿತ್ತು. ರಾತ್ರಿಯೇ ಬಕೆಟ್‌ನಲ್ಲಿ ಹಿಡಿದಿಟ್ಟ ನೀರನ್ನು ಬುಖಾರಿ ಒಲೆ ಮೇಲೆ ಕಾಯಿಸಿ, ಬಟ್ಟೆ ಸುತ್ತಿದ ಪೈಪಿನ ಮೇಲೆ ನಿಧಾನವಾಗಿ ಸುರಿಯಬೇಕು. ಒಳಗಿನ ಐಸ್ ಕರಗಿ ನೀರು ಬರುವಷ್ಟರಲ್ಲಿ ಹತ್ತು ಗಂಟೆ. ಆದರೆ ಅದೇ ಚಳಿಗಾಲದಲ್ಲಿ, ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ವಿಂಟರ್‌ಲೈನ್ ಕಾಣುತ್ತೆ. ಉದ್ದಕ್ಕೆ ಗೆರೆ ಎಳೆದ ಹಾಗೆ ಕಿತ್ತಳೆ ಬಣ್ಣ, ಕೆಳಗೆ ನೇರಳೆ. ಅದನ್ನು ನೋಡೋಕೆ ಶಾಲು ಹೊದ್ದು ದಿನಾ ಹೊರಗೆ ನಿಲ್ಲುತ್ತಿದ್ದೆ. ಮೇ ಬಂತೆಂದರೆ ಮಸೂರಿಯಿಂದ ಮೇಲಕ್ಕೆ ಕಾರಿನ ಸಾಲು, ತರಕಾರಿಗೆ ಇಳಿದವರು ವಾಪಸ್ ಬರೋಕೆ ಅರ್ಧ ದಿನ. ಶಾಂತ ಊರು ಅನ್ನುವುದು ಅಲ್ಲಿ ಆರೇಳು ತಿಂಗಳ ಮಾತು.

ಲಂಡೌರ್‌ನ ಒಂದು ವಿಷಯಕ್ಕೆ ಮಾತ್ರ ಬೇರೆ ಎರಡು ಊರೂ ಸಾಟಿ ಇಲ್ಲ. ಕೆಲಾಗ್ ಚರ್ಚ್‌ನಲ್ಲಿ ನಡೆಯುವ ಭಾಷಾ ಶಾಲೆ. ನೂರು ವರ್ಷಕ್ಕೂ ಹಳೆಯದು. ಒಬ್ಬರಿಗೆ ಒಬ್ಬರು ಮೇಷ್ಟ್ರು ಕೂತು ಹಿಂದಿ ಕಲಿಸುತ್ತಾರೆ. ನಮ್ಮವರು ಹೋಗುವಾಗ ನಮಸ್ತೆ ಬಿಟ್ಟು ಏನೂ ಗೊತ್ತಿರಲಿಲ್ಲ. ಏಪ್ರಿಲ್‌ಗೆ ಲಂಡೌರ್ ಬಜಾರ್‌ನಲ್ಲಿ ಕೋಸಿಗೆ ಚೌಕಾಸಿ ಮಾಡಿದರು. ನನ್ನನ್ನು ಕರೆಯದೆ ಮೆಕ್ಯಾನಿಕ್ ಜೊತೆ ಮಾತಾಡಿದ ದಿನ ಅವರ ಮುಖ ನೋಡಬೇಕಿತ್ತು.

ಬೀರ್ ಕಾಂಗ್ರಾ ಜಿಲ್ಲೆಯಲ್ಲಿ, ಧೌಲಾಧಾರ್ ಬೆಟ್ಟದ ಬುಡದಲ್ಲಿದೆ. ಮೇಲಿನ ಬಿಲ್ಲಿಂಗ್ ಅನ್ನುವ ಜಾಗದಿಂದ ಹಾರಿದ ಪ್ಯಾರಾಗ್ಲೈಡರ್‌ಗಳು ಕೆಳಗೆ ಗದ್ದೆ ಪಕ್ಕದಲ್ಲಿ ಇಳಿಯುತ್ತವೆ. ಅಕ್ಟೋಬರ್‌ನಲ್ಲಿ ಜನ ಜಾಸ್ತಿ. ಮಳೆಗಾಲದಲ್ಲಿ ಹಾರಾಟ ನಿಷೇಧ, ಊರು ಖಾಲಿ. ನಾವಿದ್ದ ವರ್ಷ ಹಿಮಾಚಲ ಮಳೆಗೆ ತತ್ತರಿಸಿತ್ತು. ರಸ್ತೆ ಕುಸಿದು ಹಾಲು ಬರಲಿಲ್ಲ, ಮೂರು ದಿನ ಕರೆಂಟ್ ಇರಲಿಲ್ಲ. ಪಕ್ಕದ ಮನೆಯ ಅಮ್ಮ ತಮ್ಮ ಹಸುವಿನ ಹಾಲನ್ನು ಅರ್ಧ ಲೀಟರ್ ಕೊಟ್ಟು ಕಳಿಸಿದರು, ದುಡ್ಡು ಮುಟ್ಟಲಿಲ್ಲ. ಅವರ ಮನೆ ಮದುವೆಯ ಧಾಮ್ ಊಟಕ್ಕೂ ನಮ್ಮನ್ನು ಕರೆದಿದ್ದರು. ನೆಲದ ಮೇಲೆ ಪಂಕ್ತಿ, ಎಲೆಯಲ್ಲಿ ಅನ್ನ, ಮೊಸರು ಹಾಕಿದ ಕಡಲೆಯ ಮದ್ರಾ. ಚಕ್ಕಳಮಕ್ಕಳ ಹಾಕಲಾಗದೆ ಒದ್ದಾಡುತ್ತಿದ್ದ ನಮ್ಮವರಿಗೆ ಒಬ್ಬ ಅಜ್ಜ ತಮ್ಮ ಶಾಲನ್ನೇ ಮಡಚಿ ಕೂರಲು ಕೊಟ್ಟರು.

ಟಿಬೆಟನ್ ಕಾಲೊನಿಯ ಒಂದು ಅಂಗಡಿಯಲ್ಲಿ ನಾನು ಅಮ್ಮನ ಜೊತೆ ಫೋನಲ್ಲಿ ಮಾತಾಡುತ್ತಿದ್ದೆ. ಅಂಗಡಿಯಾಕೆ ಟಿಂಗ್ಮೋ (ಹಬೆಯಲ್ಲಿ ಬೇಯಿಸಿದ ಟಿಬೆಟನ್ ಬ್ರೆಡ್) ಕಟ್ಟಿಕೊಡುತ್ತಾ, "ಅಕ್ಕ, ಯಾವೂರು ನಿಮ್ದು?" ಅಂದರು. ಬೈಲಕುಪ್ಪೆಯಲ್ಲಿ ಹುಟ್ಟಿ ಬೆಳೆದು ಇಲ್ಲಿಗೆ ಮದುವೆಯಾಗಿ ಬಂದವರು. ನಮ್ಮ ಮನೆಯಿಂದ ಸ್ಕೂಟರ್‌ನಲ್ಲಿ ಕಾಲು ಗಂಟೆ ದೂರದ ಬೈಲಕುಪ್ಪೆ! ಅಲ್ಲಿನ ಟಿಬೆಟನ್ ಕ್ಯಾಂಪ್‌ನಲ್ಲಿ ಒಂದು ರಾತ್ರಿ ಉಳಿಯಲು ನಮ್ಮವರಿಗೆ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಅನ್ನುವ, ವಿದೇಶಿಯರಿಗೆ ಕೊಡುವ ವಿಶೇಷ ಅನುಮತಿ ಬೇಕು. ಬೀರ್‌ನಲ್ಲಿ ಅದೇ ಜನರ ಪಕ್ಕ ನಾವು ಸಂಸಾರ ಹೂಡಿದ್ದೆವು.

ಬೀರ್‌ನ ದೊಡ್ಡ ಕೊರತೆ ಆಸ್ಪತ್ರೆ. ಗಂಭೀರ ಆದರೆ ಟಾಂಡಾದ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಹೋಗಬೇಕು, ಎರಡು ಗಂಟೆ ದಾರಿ. ವಯಸ್ಸಾದ ಅಪ್ಪ ಅಮ್ಮನ ಜೊತೆ ಇರುವವರಿಗೆ ನಾನು ಬೀರ್ ಹೇಳುವುದಿಲ್ಲ.

ಕಾಲಿಂಪಾಂಗ್‌ಗೆ ನಾವು ನ್ಯಾಯ ಒದಗಿಸಲಿಲ್ಲ. ಮೂರು ಊರುಗಳಲ್ಲಿ ಹವೆ ಎಲ್ಲಕ್ಕಿಂತ ಹಿತ ಇಲ್ಲೇ, ಎತ್ತರ ಸುಮಾರು 1,250 ಮೀಟರ್ ಅಷ್ಟೇ. ಮನೆ ಮನೆ ಮುಂದೆ ಆರ್ಕಿಡ್, ನಮ್ಮ ಕೊಡಗೇ ನೆನಪಾಗುತ್ತೆ. ಆದರೆ 2023ರ ಅಕ್ಟೋಬರ್ 4ಕ್ಕೆ ಸಿಕ್ಕಿಂನ ಸರೋವರ ಒಡೆದು ತೀಸ್ತಾ ನದಿ ಉಕ್ಕಿತು, ಸಿಲಿಗುರಿ ಹೆದ್ದಾರಿ ಕೊಚ್ಚಿಹೋಯಿತು. ಸುತ್ತು ದಾರಿಯಲ್ಲಿ ಇಳಿದು ಬಂದೆವು. ಮತ್ತೆ ಹೋಗುವ ಧೈರ್ಯ ನನಗೆ ಆಗಲಿಲ್ಲ.

ನವೆಂಬರ್‌ನಲ್ಲಿ ಬೀರ್‌ಗೇ ವಾಪಸ್ ಬಂದೆವು, ಅದೇ ಮನೆಗೆ. ಬರುವವರಿಗೆ ನನ್ನ ಸಲಹೆ ಇಷ್ಟು. ವಿದೇಶಿ ಸಂಗಾತಿಗೆ ಹಿಂದಿ ಬರದಿದ್ದರೆ ಮೊದಲು ಮೂರು ತಿಂಗಳು ಲಂಡೌರ್‌ನಲ್ಲಿದ್ದು ಕಲಿಯಲಿ, ಆಮೇಲೆ ಬೀರ್‌ಗೆ ಬನ್ನಿ. ಬೆಂಗಳೂರಿನ ಫ್ಲಾಟ್ ಮಾತ್ರ ಮಾರಬೇಡಿ. ಹಿಮಾಚಲದ ಭೂಸುಧಾರಣಾ ಕಾಯ್ದೆಯ 118ನೇ ಸೆಕ್ಷನ್ ಪ್ರಕಾರ ಅಲ್ಲಿನ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಕೊಳ್ಳುವಂತಿಲ್ಲ. ಅದು ಜರ್ಮನಿಯವರಿಗೂ ಅಷ್ಟೇ, ಕುಶಾಲನಗರದವರಿಗೂ ಅಷ್ಟೇ. ಮನೆ ನೋಡೋಕೆ ಜುಲೈನಲ್ಲಿ ಬನ್ನಿ, ಯಾವ ಗೋಡೆ ಸೋರುತ್ತೆ ಅಂತ ಆಗಲೇ ಗೊತ್ತಾಗುವುದು.